ಪ್ಲಗಿನ್ ಯಾವ ಚೀಲಕ್ಕೆ?

ಕಳೆದ ಜುಲೈಯಲ್ಲಿ ನಾಪೋಕ್ಲು ಬಳಿಯ ತೋಟವೊಂದರ ಕಚೇರಿಯಲ್ಲಿ ಅರ್ಧ ದಿನ ಸುಮ್ಮನೆ ಕುಳಿತಿದ್ದೆ. ಕೊಯ್ಲಿನ ತೂಕ, ಕೂಲಿ ಲೆಕ್ಕ, ಮಳೆಯ ಇಂಚು–ಸೆಂಟು ಬರೆದಿಡುವ ಪುಟ್ಟ ತಂತ್ರಾಂಶವನ್ನು ಉಬುಂಟು ಕಂಪ್ಯೂಟರಿಗೆ ಹಾಕುವುದಷ್ಟೇ ಕೆಲಸ. ಆದರೆ ಅದರ ಬೆನ್ನಿಗೆ ನಕ್ಷೆ (ಗ್ರಾಫ್) ಬಿಡಿಸುವ ಲೈಬ್ರರಿ (ಬೇರೆ ತಂತ್ರಾಂಶಗಳು ಎರವಲು ಪಡೆಯುವ ಸಿದ್ಧ ಕೋಡು), ಅದರ ಬೆನ್ನಿಗೆ ಇನ್ನೊಂದು, ಹೀಗೆ ಮದುವೆಯ ದಿಬ್ಬಣವೇ ಇಳಿಯತೊಡಗಿತು. ಹೊರಗೆ ಮಳೆ, ಮೊಬೈಲಿನಲ್ಲಿ ಒಂದು ಕಡ್ಡಿ ಸಿಗ್ನಲ್. ತೋಟದ ಲೆಕ್ಕ ಬರೆಯುವ ರೈಟರಿಗೆ ಆ ನಕ್ಷೆಯ ಪ್ಲಗಿನ್ (ತಂತ್ರಾಂಶಕ್ಕೆ ಜೋಡಿಸುವ ಹೆಚ್ಚುವರಿ ತುಣುಕು) ಬೇಕಾಗಿಯೇ ಇರಲಿಲ್ಲ. ತಂತ್ರಾಂಶವನ್ನು ಪ್ಯಾಕೇಜ್ ಎಂಬ ಗಂಟಾಗಿ ಕಟ್ಟಿದವರು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ್ದರು. ಡೆಬಿಯನ್, ಉಬುಂಟು ಲಿನಕ್ಸ್‌ಗಳಿಗೆ ಪ್ಯಾಕೇಜ್ ಕಟ್ಟುವವರು ಹೀಗೆ ಮಾಡದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಪ್ಲಗಿನ್‌ಗಳ ಪಟ್ಟಿ ಮಾಡಿ. ಹಾಳೆ, ಪೆನ್ನು ಸಾಕು.

ಹಂತ 2: ಪ್ರತಿ ಪ್ಲಗಿನ್ನಿನ ಮುಂದೆ ಅದು ಕೇಳುವ ಹೊರಗಿನ ಲೈಬ್ರರಿಗಳನ್ನು ಬರೆಯಿರಿ. ಎಡವುವುದು ಇಲ್ಲಿಯೇ. ಹೆಚ್ಚಿನವರು ‘ಎಲ್‌ಡಿಡಿ’ (ldd) ಎಂಬ ಆಜ್ಞೆ ಓಡಿಸಿ, ಉದ್ದದ ಪಟ್ಟಿ ಕಂಡು ಗಾಬರಿಯಾಗುತ್ತಾರೆ. ಅದು ಲೈಬ್ರರಿಯ ಲೈಬ್ರರಿಯನ್ನೂ ತೋರಿಸುತ್ತದೆ. ನೇರವಾಗಿ ಬೇಕಾದವು ಮಾತ್ರ ತಿಳಿಯಬೇಕೆಂದರೆ ಪ್ಲಗಿನ್ ಫೈಲಿಗೆ ‘ಆಬ್ಜ್‌ಡಂಪ್ -ಪಿ’ (objdump -p) ಕೊಟ್ಟು ‘ನೀಡೆಡ್’ (NEEDED) ಎಂಬ ಸಾಲುಗಳನ್ನು ನೋಡಿ.

ಇನ್ನು ವಿಂಗಡಣೆ. ವರದಿಯ ಪ್ಲಗಿನ್‌ಗಳೆಲ್ಲ ಒಂದೆಡೆ, ಯಂತ್ರದ ಪ್ಲಗಿನ್‌ಗಳೆಲ್ಲ ಇನ್ನೊಂದೆಡೆ ಎಂದು ಕೆಲಸ ನೋಡಿ ಹಂಚಬೇಡಿ. ಒಂದೇ ಕಾಫಿ ಗಿಡದ ಹಣ್ಣು ಸಿಪ್ಪೆ ಬಿಡಿಸುವ ಪಲ್ಪರಿಗೆ ಹೋದರೆ ಪಾರ್ಚ್‌ಮೆಂಟ್, ಇಡಿಯಾಗಿ ಕಣದಲ್ಲಿ ಒಣಗಿದರೆ ಚೆರ್ರಿ. ಚೀಲ ಬೇರೆ ಬೇರೆ. ಇಲ್ಲಿಯೂ ಪ್ಲಗಿನ್ ಏನನ್ನು ಎಳೆದು ತರುತ್ತದೆ ಎಂಬುದೇ ಮುಖ್ಯ. ತೂಕದ ಯಂತ್ರ ಓದುವ ಪ್ಲಗಿನ್ನಿಗೆ ಹೇಗೂ ಇರುವ ಸಿ ಲೈಬ್ರರಿಯ ಹೊರತು ಏನೂ ಬೇಡವೇ? ಹತ್ತರಲ್ಲಿ ಒಬ್ಬರಷ್ಟೇ ಬಳಸಿದರೂ ಮುಖ್ಯ ಪ್ಯಾಕೇಜಿನಲ್ಲೇ ಇರಲಿ. ಮಳೆಯ ನಕ್ಷೆಯ ಪ್ಲಗಿನ್ ದೊಡ್ಡ ಲೈಬ್ರರಿ ಕೇಳುತ್ತದೆಯೇ? ಬೇರೆ ಪ್ಯಾಕೇಜ್. ಕೂಲಿಯ ನಕ್ಷೆಗೂ ಅದೇ ಲೈಬ್ರರಿ ಬೇಕಾದರೆ ಎರಡೂ ಒಟ್ಟಿಗಿರಲಿ. ಡೆಬಿಯನ್‌ನಲ್ಲಿ ಹಾಡು, ವಿಡಿಯೊ ನುಡಿಸುವ ಜಿಸ್ಟ್ರೀಮರ್‌ನ ಕ್ಯೂಟಿ ಮತ್ತು ಜಿಟಿಕೆ (ಪರದೆಯ ಕಿಟಕಿ, ಗುಂಡಿ ಬಿಡಿಸುವ ದೊಡ್ಡ ಲೈಬ್ರರಿಗಳು) ಪ್ಲಗಿನ್‌ಗಳು ಪ್ರತ್ಯೇಕ ಪ್ಯಾಕೇಜುಗಳಲ್ಲಿರುವುದನ್ನು ಗಮನಿಸಿ. ಹಾಡು ಕೇಳಲು ಬಂದವರ ತಲೆಗೆ ಕ್ಯೂಟಿ ಕಟ್ಟುವುದೇಕೆ?

‘ಪ್ಲಗಿನ್ ಐಚ್ಛಿಕ ತಾನೇ, ಮುಖ್ಯ ಪ್ಯಾಕೇಜಿನಲ್ಲೇ ಇದ್ದರೇನು’ ಎನ್ನುವವರಿದ್ದಾರೆ. ಅದು ಐಚ್ಛಿಕವೆಂದು, ಪ್ಯಾಕೇಜ್ ಕಟ್ಟುವಾಗ ಬೇಕಾದ ಲೈಬ್ರರಿಗಳನ್ನು ಹುಡುಕುವ ‘ಡಿಪಿಕೆಜಿ-ಶ್‌ಲಿಬ್‌ಡೆಪ್ಸ್’ಗೆ (dpkg-shlibdeps) ಹೇಗೆ ತಿಳಿಯಬೇಕು? ತನಗೆ ಕೊಟ್ಟ ಫೈಲುಗಳು ಕೇಳುವ ಲೈಬ್ರರಿಗಳನ್ನೆಲ್ಲ ಅದು ‘ಡಿಪೆಂಡ್ಸ್’ (ಇಲ್ಲದೆ ಆಗದು) ಸಾಲಿಗೆ ಸೇರಿಸಿಬಿಡುತ್ತದೆ. ಆ ಲೈಬ್ರರಿಯನ್ನು ‘ರೆಕಮೆಂಡ್ಸ್’ಗೆ (ಇದ್ದರೆ ಒಳ್ಳೆಯದು) ತಳ್ಳುವ ಅಡ್ಡದಾರಿಯೂ ಇದೆ. ನನಗದು ಹಿಡಿಸದು: ಲೈಬ್ರರಿ ಬೇಡವೆಂದು ಬಿಟ್ಟವರಿಗೂ ಮೆನುವಿನಲ್ಲಿ ಪ್ಲಗಿನ್ ಕಾಣುತ್ತದೆ, ಒತ್ತಿದರೆ ತೆರೆಯುವುದಿಲ್ಲ, ಫೋನ್ ನಿಮಗೆ ಬರುತ್ತದೆ. ಎಲ್ಲ ಲೈಬ್ರರಿಯನ್ನೂ ಒಳಗೇ ತುರುಕಿದ ಒಂದೇ ಫೈಲನ್ನು ಕೊಟ್ಟು ಕೈತೊಳೆದುಕೊಳ್ಳುವವರ ಮಾತು ಇಲ್ಲಿ ಬೇಡ.

ಹಾಗೆಂದು ಪ್ಲಗಿನ್ನಿಗೊಂದು ಪ್ಯಾಕೇಜ್ ಮಾಡಲೂ ಹೋಗಬೇಡಿ. ಹೆಸರು ಹುಡುಕುವುದರಲ್ಲೇ ಜನ ಸುಸ್ತಾಗುತ್ತಾರೆ.

ಹಂತ 3: ನಂಟು ಹಾಕುವುದು. ಪ್ಲಗಿನ್ ಮುಖ್ಯ ಪ್ಯಾಕೇಜನ್ನು ಅದೇ ಆವೃತ್ತಿಯ ಸಮೇತ ‘ಡಿಪೆಂಡ್ಸ್’ನಲ್ಲಿ ಕೇಳಲಿ. ಮುಖ್ಯ ಪ್ಯಾಕೇಜ್ ಪ್ಲಗಿನ್ನನ್ನು ಹೆಚ್ಚೆಂದರೆ ‘ರೆಕಮೆಂಡ್ಸ್’ನಲ್ಲಿ ಹೇಳಲಿ, ಅಪರೂಪದ್ದಾದರೆ ‘ಸಜೆಸ್ಟ್ಸ್’ನಲ್ಲಿ (ಬೇಕಿದ್ದರೆ ಹಾಕಿಕೊಳ್ಳಿ). ಪ್ಯಾಕೇಜ್ ತಂದು ಹಾಕುವ ಎಪಿಟಿ (apt), ಬೇಡವೆಂದು ಹೇಳದಿದ್ದರೆ, ‘ರೆಕಮೆಂಡ್ಸ್’ನಲ್ಲಿರುವುದನ್ನೂ ತಾನಾಗಿಯೇ ತಂದು ಹಾಕುತ್ತದೆ ಎಂಬುದು ನೆನಪಿರಲಿ. ನಕ್ಷೆಯನ್ನು ನಾನು ‘ಸಜೆಸ್ಟ್ಸ್’ನಲ್ಲೇ ಇಡುತ್ತೇನೆ.

ಹಂತ 4: ಒಮ್ಮೆ ಹಂಚಿಯಾಗಿರುವ ಪ್ಯಾಕೇಜನ್ನು ಒಡೆಯುತ್ತಿದ್ದರೆ ಹೊಸ ಪ್ಯಾಕೇಜಿನಲ್ಲಿ ‘ಬ್ರೇಕ್ಸ್’ (ಜೊತೆಗಿರಲಾಗದು) ಮತ್ತು ‘ರಿಪ್ಲೇಸಸ್’ (ಅದರ ಫೈಲಿನ ಜಾಗ ಪಡೆಯುತ್ತದೆ) ಎರಡನ್ನೂ, ಒಡೆದ ಆವೃತ್ತಿಗಿಂತ ಹಳೆಯ ಮುಖ್ಯ ಪ್ಯಾಕೇಜಿಗೆ ಅನ್ವಯಿಸುವಂತೆ ಬರೆಯಿರಿ. ಮರೆತರೆ, ಈ ಫೈಲು ಇನ್ನೊಂದು ಪ್ಯಾಕೇಜಿನಲ್ಲೂ ಇದೆ ಎಂದು ಪ್ಯಾಕೇಜ್ ಬಿಚ್ಚಿ ಹಾಕುವ ಡಿಪಿಕೆಜಿ (dpkg) ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ.

ಹಂತ 5: ಹೊಸದಾಗಿ ಉಬುಂಟು ಹಾಕಿದ ಕಂಪ್ಯೂಟರಿನಲ್ಲಿ ಮುಖ್ಯ ಪ್ಯಾಕೇಜನ್ನಷ್ಟೇ ಹಾಕಿ ಓಡಿಸಿ. ನಿಮ್ಮ ಕಂಪ್ಯೂಟರಿನಲ್ಲಿ ಬೇಡ. ಅದರಲ್ಲಿ ಎಲ್ಲ ಲೈಬ್ರರಿಯೂ ಮೊದಲೇ ಬಂದು ಕುಳಿತಿರುತ್ತದೆ.