ಬೀಳುವ ಮುನ್ನವೇ ಗುರುತಿಸಿ: ಹೊರರೋಗಿ ವಿಭಾಗದಲ್ಲಿ ಹಿರಿಯರ ತಪಾಸಣೆ ಹೇಗೆ?

“ಬಿದ್ದಿದ್ದೀರಾ?” ಎಂದು ಕೇಳಿದರೆ ಎಷ್ಟೋ ಹಿರಿಯರು “ಇಲ್ಲ” ಎಂದುಬಿಡುತ್ತಾರೆ. ಪೆಟ್ಟಾಗದಿದ್ದರೆ ಅದು ಬಿದ್ದ ಲೆಕ್ಕಕ್ಕೇ ಬರುವುದಿಲ್ಲ. ಹೇಳಿದರೆ ಮನೆಯವರು ಓಡಾಡಲು ಬಿಡುವುದಿಲ್ಲವೆಂಬ ಅಳುಕೂ ಉಂಟು. ಅದಕ್ಕೇ 65 ದಾಟಿದವರಿಗೆ ವರ್ಷಕ್ಕೊಮ್ಮೆಯಾದರೂ ಮೂರು ಪ್ರಶ್ನೆ ಹಾಕಬೇಕು. ಕಳೆದ ಒಂದು ವರ್ಷದಲ್ಲಿ ಜಾರಿ, ಮುಗ್ಗರಿಸಿ ನೆಲಕ್ಕೆ ಬಿದ್ದದ್ದುಂಟೇ? ನಿಂತಾಗ, ನಡೆಯುವಾಗ ಆಯ ತಪ್ಪಿದಂತಾಗುತ್ತದೆಯೇ? ಬಿದ್ದೇನೆಂಬ ಭಯವಿದೆಯೇ? ಒಂದಕ್ಕೆ ‘ಹೌದು’ ಬಂದರೂ ಮುಂದಿನ ಪರೀಕ್ಷೆ ಬೇಕು.

ಬಿದ್ದವರಾದರೆ ಎಲ್ಲಿ, ಏನು ಮಾಡುವಾಗ, ತಾವಾಗಿಯೇ ಎದ್ದರೇ ಎಂದು ಬಿಡಿಸಿ ಕೇಳಿ. ಪ್ರಜ್ಞೆ ತಪ್ಪಿ ಬಿದ್ದವರು, ವರ್ಷದಲ್ಲಿ ಎರಡು ಸಲ ಬಿದ್ದವರು, ಏಳಲಾಗದೆ ನೆಲದಲ್ಲೇ ಉಳಿದವರು ಹೆಚ್ಚು ಅಪಾಯದವರು. ಅವರಿಗೆ ವೈದ್ಯರ ಸಮಗ್ರ ತಪಾಸಣೆ ಆಗಲೇಬೇಕು.

ಮೊದಲು ನಡಿಗೆ. ಕೈಯಿರುವ ಕುರ್ಚಿಯಿಂದ 3 ಮೀಟರ್ ದೂರಕ್ಕೆ ನೆಲದ ಮೇಲೆ ಗೆರೆ ಅಂಟಿಸಿ. ದಿನವೂ ಹಾಕುವ ಚಪ್ಪಲಿ, ಹಿಡಿಯುವ ಊರುಗೋಲು ಇರಲಿ. ‘ಹೊರಡಿ’ ಎಂದೊಡನೆ ಸ್ಟಾಪ್‌ವಾಚ್ ಒತ್ತಿ. ಎದ್ದು, ಗೆರೆಯವರೆಗೆ ನಡೆದು, ತಿರುಗಿ ಬಂದು ಕುಳಿತ ಮೇಲೆ ನಿಲ್ಲಿಸಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಅಪಾಯವಿದೆ. ಇಲ್ಲಿ ಆಗುವ ದೊಡ್ಡ ತಪ್ಪು ‘ಬೇಗ ಬೇಗ’ ಎಂದು ಹುರಿದುಂಬಿಸುವುದು; ಅಳೆಯಬೇಕಾದದ್ದು ಅವರ ಮಾಮೂಲಿ ನಡಿಗೆ. ಇನ್ನೊಂದು ತಪ್ಪು ಗಡಿಯಾರವನ್ನೇ ನೋಡುತ್ತ ನಿಲ್ಲುವುದು. ತಿರುಗುವಾಗ ಒಂದೇ ಜಾಗದಲ್ಲಿ ಆರೇಳು ಪುಟ್ಟ ಹೆಜ್ಜೆ ಇಟ್ಟರೇ? ಗೋಡೆಗೆ ಕೈ ಹೋಯಿತೇ? ಧೊಪ್ಪೆಂದು ಕುಳಿತರೇ? ಸೆಕೆಂಡಿನಷ್ಟೇ ಇವೂ ಮುಖ್ಯ, ಬರೆದಿಡಿ. ಹಿಡಿಯಲು ಕೈಗೆಟುಕುವಂತೆ ಪಕ್ಕದಲ್ಲೇ ಇರಿ.

ಕಾಲಿನ ಬಲಕ್ಕೆ, ಗೋಡೆಗೊರಗಿಸಿದ ಕೈಯಿಲ್ಲದ ಕುರ್ಚಿ ಸಾಕು. ಎದೆಯ ಮೇಲೆ ಕೈಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆಂದು ಎಣಿಸಿ. ಕೈ ಊರಿ ಎದ್ದರೆ ಅಂಕ ಸೊನ್ನೆ. 70ರಿಂದ 74 ವರ್ಷದ ಗಂಡಸರು 12ಕ್ಕಿಂತ, ಹೆಂಗಸರು 10ಕ್ಕಿಂತ ಕಡಿಮೆ ಸಲ ಎದ್ದರೆ ಕಾಲು ಸೋತಿದೆ ಎಂದರ್ಥ. ಸಮತೋಲಕ್ಕೆ, ಒಂದು ಪಾದದ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗುವಂತೆ ನಿಲ್ಲಿಸಿ. 10 ಸೆಕೆಂಡು ನಿಲ್ಲಲಾಗದಿದ್ದರೆ ಅದೂ ಅಪಾಯದ ಗುರುತೇ.

ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ರಕ್ತದೊತ್ತಡದ ಪರೀಕ್ಷೆ. ಕೂತಲ್ಲೇ ಒಮ್ಮೆ ನೋಡಿದರೆ ಸಾಲದು. 5 ನಿಮಿಷ ಮಲಗಿಸಿ ಅಳೆಯಿರಿ. ನಿಲ್ಲಿಸಿ 1ನೇ ಹಾಗೂ 3ನೇ ನಿಮಿಷಕ್ಕೆ ಮತ್ತೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಬೆಳಗ್ಗೆ ಹಾಸಿಗೆಯಿಂದ ಎದ್ದೊಡನೆ ಕಣ್ಣು ಕತ್ತಲಿಡುವುದು ಏಕೆಂಬ ಸುಳಿವು ಸಿಕ್ಕಂತೆ. ತಲೆ ಸುತ್ತಿದರೆ ತಕ್ಷಣ ಕೂರಿಸಿ.

ಕಾರಣ ಬಹಳ ಸಲ ಮಾತ್ರೆ ಚೀಲದಲ್ಲೇ ಇರುತ್ತದೆ. ಹೆಸರು ಕೇಳಬೇಡಿ, ಚೀಲವನ್ನೇ ತರಿಸಿ ಮೇಜಿನ ಮೇಲೆ ಸುರಿದು ನೋಡಿ. ನಿದ್ದೆ ಮಾತ್ರೆ, ಖಿನ್ನತೆಯ ಮಾತ್ರೆ, ಬಿಪಿ ಮಾತ್ರೆ, ಮಂಪರು ತರಿಸುವ ಅಲರ್ಜಿ ಮಾತ್ರೆಗಳನ್ನು ಬೇರೆ ಇಟ್ಟು ವೈದ್ಯರಿಗೆ ತೋರಿಸಿ. ನಿದ್ದೆ ಮಾತ್ರೆಯನ್ನು ಏಕಾಏಕಿ ನಿಲ್ಲಿಸುವಂತಿಲ್ಲ, ಹಂತಹಂತವಾಗಿ ಇಳಿಸಬೇಕು.

ಕೊನೆಗೆ ಚಪ್ಪಲಿ ಬಿಡಿಸಿ ಪಾದ ನೋಡಿ: ಆಣಿ, ಬೆಳೆದ ಉಗುರು, ಜೋಮು. ಚಪ್ಪಲಿಯನ್ನೂ ಮಗುಚಿ ನೋಡಿ. ಅಟ್ಟೆ ನುಣ್ಣಗೆ ಸವೆದಿದ್ದರೆ ಅಂದೇ ಬದಲಿಸಲು ಹೇಳಿ.