ಡಿಫರೆನ್ಷಿಯಲ್ ಬುಶ್ ಆರಿಸಿದ್ದು, ಹಿಂದಿನ ಸದ್ದು ಇಳಿಸಿದ್ದು: ನನ್ನ ಅನುಭವ

ಹಿಂದಿನ ಚಕ್ರದ ಡ್ರೈವ್ ಇರುವ ಜೋರು ಕಾರು ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಗೇರ್ ಪೆಟ್ಟಿಗೆಯೇ ಡಿಫರೆನ್ಷಿಯಲ್, ಅದನ್ನು ಹಿಡಿದಿಡುವ ಮೆತ್ತೆ ಬುಶ್. ಈ ಬುಶ್ ಹೋದರೆ ಮತ್ತೆ ರಬ್ಬರಿನದೇ ಹಾಕುವುದಾ, ಪಾಲಿಯುರೆಥೇನ್ (ರಬ್ಬರಿಗಿಂತ ಗಟ್ಟಿಯಾದ ಪ್ಲಾಸ್ಟಿಕ್ಕಿನಂಥದ್ದು, ಚಿಕ್ಕದಾಗಿ ಪಾಲಿ) ಹಾಕುವುದಾ, ಇಲ್ಲಾ ಅಲ್ಯೂಮಿನಿಯಂ ಬಡಿದು ಒಂದೇ ಸಲಕ್ಕೆ ಮುಗಿಸುವುದಾ?

ಕಲಬುರಗಿಯಲ್ಲಿ ನಾನು ಓಡಿಸುವುದು ಬಿಎಂಡಬ್ಲ್ಯು ಇ90, ಆರು ಸಿಲಿಂಡರಿನ ಪೆಟ್ರೋಲ್ ಕಾರು. ಆಕ್ಸಿಲರೇಟರ್ ಮೇಲೆ ಕಾಲು ಒತ್ತಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ ಹಿಂದಿನಿಂದ ‘ಟಕ್’ ಅನ್ನುತ್ತಿತ್ತು. ಹುಮನಾಬಾದ್ ಕಡೆ ಹೈವೇ ಹಿಡಿದರೆ ಅದರ ಜೊತೆಗೆ ಸಣ್ಣ ಕೂಗು. ಈ ಎರಡು ಸದ್ದಿಗೂ ಬುಶ್ ಸಂಬಂಧ ಇದೆ, ಆದರೆ ಎರಡಕ್ಕೂ ಬೇಕಾಗುವುದು ಬೇರೆ ಬೇರೆ ಥರದ ಬುಶ್. ಟಕ್ ನಿಲ್ಲಬೇಕಾದರೆ ಬುಶ್ ಗಟ್ಟಿ ಇರಬೇಕು, ಕೂಗು ಒಳಗೆ ಬರಬಾರದು ಅಂದರೆ ಮೆತ್ತಗಿರಬೇಕು. ಕಷ್ಟ ಇರುವುದೇ ಇಲ್ಲಿ.

ಡಿಫರೆನ್ಷಿಯಲ್ ಒಳಗೆ ಪಿನಿಯನ್ ಅನ್ನುವ ಸಣ್ಣ ಗೇರ್ ಕ್ರೌನ್ ವೀಲ್ ಅನ್ನುವ ದೊಡ್ಡ ಗೇರನ್ನು ತಿರುಗಿಸುವಾಗ ಹೊರಗಿನ ಹೌಸಿಂಗ್ ಕೂಡ ಉಲ್ಟಾ ತಿರುಗಲು ನೋಡುತ್ತದೆ. ಕಾಲು ಒತ್ತಿದರೆ ಅದರ ಮೂತಿ ಮೇಲೆ ಏಳುತ್ತದೆ, ಬಿಟ್ಟರೆ ಕೆಳಗೆ ಬೀಳುತ್ತದೆ. ಅದನ್ನು ಹಿಡಿದಿಡುವುದು ಬುಶ್. ರಬ್ಬರು ಹರಿದರೆ ಈ ಓಲಾಟ ಜಾಸ್ತಿ ಆಗಿ ಲೋಹಕ್ಕೆ ಲೋಹ ಬಡಿಯುತ್ತದೆ. ಕೂಗು ಮಾತ್ರ ಹುಟ್ಟುವುದು ಹಲ್ಲುಗಳಲ್ಲಿ. ಪಿನಿಯನ್‌ಗೆ 11 ಹಲ್ಲು, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟ್ 3000 ಆರ್‌ಪಿಎಂ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 50 ಸುತ್ತು, ಅಂದರೆ ಹಲ್ಲು ಕೂಡುವ ಸದ್ದು 550 ಹರ್ಟ್ಜ್. ಶಾಫ್ಟ್ ಬ್ಯಾಲೆನ್ಸ್ ತಪ್ಪಿದ್ದರೆ ಬರುವ ನಡುಕ ಬರೀ 50 ಹರ್ಟ್ಜ್, ಅದು ಕಿವಿಗಿಂತ ಸೀಟಿಗೆ ಜಾಸ್ತಿ ಗೊತ್ತಾಗುತ್ತದೆ. ಫೋನಿನಲ್ಲಿ ಸದ್ದಿನ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಹಾಕಿ, ಪಕ್ಕದಲ್ಲಿ ಗೆಳೆಯನನ್ನು ಕೂರಿಸಿ ನೋಡಲು ಹೇಳಿದರೆ, ಯಾವ ಸದ್ದು ಎಲ್ಲಿಯದು ಅಂತ ಊಹೆ ಮಾಡುವ ಕೆಲಸ ಅರ್ಧ ಮುಗಿಯುತ್ತದೆ.

ಉಳಿದರ್ಧಕ್ಕೆ ರಸ್ತೆಯೇ ಸಾಕು. ಅದೇ ಸ್ಪೀಡಿನಲ್ಲಿ ಸಿಸಿ ರಸ್ತೆಯಿಂದ ಡಾಂಬರಿಗೆ ಬಂದಾಗ ಸದ್ದು ಬದಲಾದರೆ ಅದು ಟೈರಿನದು. ತಿರುವಿನಲ್ಲಿ ಏರಿಳಿದರೆ ವೀಲ್ ಬೇರಿಂಗ್ ನೋಡಬೇಕು. ಗೇರ್ ಬದಲಾಗಿ ಎಂಜಿನ್ ಆರ್‌ಪಿಎಂ ಬೇರೆ ಆದರೂ ಕಾರಿನ ಸ್ಪೀಡಿಗೇ ಅಂಟಿಕೊಂಡಿದ್ದರೆ, ಕಾಲು ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಕೇಳಿದರೆ, ಕ್ರೌನ್ ಪಿನಿಯನ್ ಮೇಲೆ ಅನುಮಾನ ಪಡಬಹುದು.

ಬುಶ್ ಆರ್ಡರ್ ಮಾಡುವ ಮೊದಲು ಲಾರಿ ಹೌಸಿಂಗ್ ಬಿಚ್ಚಿ ಕಟ್ಟಿ ಕೈ ಪಳಗಿದ ಒಬ್ಬ ಉಸ್ತಾದರಿಗೆ ತೋರಿಸಿದೆ. ನಮ್ಮ ಊರಲ್ಲಿ ಕ್ರೌನ್ ಪಿನಿಯನ್ ಸದ್ದು ಗುರುತಿಸಲು ಇಂಥವರ ಕಿವಿಯೇ ಬೇಕು. ಕಾರು ಎತ್ತಿಸಿ, ಶಾಫ್ಟ್ ಕೈಯಲ್ಲಿ ಆಡಿಸಿ, “ಹಲ್ಲು ಚಲೋ ಅದಾವ್ರೀ ಸರ. ಮೊದ್ಲ ಈ ಎಣ್ಣಿ ಎಲ್ಲಿಂದ ಬರ್ತದ ನೋಡ್ರಿ” ಅಂದರು. ಪಿನಿಯನ್ ಸೀಲ್ ಜಿನುಗುತ್ತಿತ್ತು, ಆ ಎಣ್ಣೆ ಕುಡಿದು ಮುಂದಿನ ಬುಶ್ಶಿನ ರಬ್ಬರು ಉಬ್ಬಿ ಕೊಳೆತಂತಾಗಿತ್ತು. ಶಾಫ್ಟಿನ ಮುಂದಿನ ತುದಿಯನ್ನು ಗೇರ್‌ಬಾಕ್ಸಿಗೆ ಜೋಡಿಸುವ ರಬ್ಬರಿನ ಫ್ಲೆಕ್ಸ್ ಡಿಸ್ಕಿನಲ್ಲೂ ಬಿರುಕು. ಅದೂ ಟಕ್ ಅನ್ನಿಸುತ್ತದೆ. ಅದನ್ನು ಬಿಟ್ಟು ಬುಶ್ ಮಾತ್ರ ಬದಲಿಸಿದ್ದರೆ ಸದ್ದು ಉಳಿಯುತ್ತಿತ್ತು. ಸೀಲ್, ಡಿಸ್ಕ್, ಹೊಸ ಆಯಿಲ್, ಇವು ಮೊದಲು. ಶಾಫ್ಟಿನ ನಡುವಿನ ಸೆಂಟರ್ ಬೇರಿಂಗ್ ಚೆನ್ನಾಗಿತ್ತು, ಮುಟ್ಟಲಿಲ್ಲ.

ಇನ್ನು ಆರಿಸುವ ಮಾತು. ಬುಶ್ ತಡೆಯುವುದು ಎಲ್ಲಾ ಕಂಪನವನ್ನೂ ಅಲ್ಲ. ಬುಶ್ ಮೇಲೆ ಕೂತ ಡಿಫರೆನ್ಷಿಯಲ್‌ಗೆ ತನ್ನದೇ ಒಂದು ಸಹಜ ಕಂಪನ (ಸೆಕೆಂಡಿಗೆ ಇಷ್ಟು ಸಲ ಅಂತ) ಇರುತ್ತದೆ, ಸುಮಾರು ಅದರ 1.4 ಪಟ್ಟಿಗಿಂತ ಮೇಲಿನದು ಮಾತ್ರ ಕಡಿಮೆಯಾಗುತ್ತದೆ. ಬುಶ್ 4 ಪಟ್ಟು ಬಿಗಿಯಾದರೆ ಆ ಕಂಪನ 2 ಪಟ್ಟು ಮೇಲೆ ಹೋಗುತ್ತದೆ, ಅಷ್ಟರ ಮಟ್ಟಿಗೆ ಹಲ್ಲಿನ ಕೂಗಿಗೆ ದಾರಿ ಸಲೀಸಾಗುತ್ತದೆ. ಅಲ್ಯೂಮಿನಿಯಂ ಹಾಕಿದರೆ ತಡೆಯೇ ಇಲ್ಲ. ಟ್ರ್ಯಾಕಿಗೇ ಮೀಸಲಾದ ಕಾರಿಗೆ ಅದು ಸರಿ. ಮನೆಮಂದಿಯನ್ನು ಕೂರಿಸಿಕೊಂಡು ಹೈದರಾಬಾದಿಗೆ ಹೋಗುವ ಕಾರಿಗೆ ನಾನಂತೂ ಹಾಕುವುದಿಲ್ಲ. ಪಾಲಿಯಲ್ಲಿ ಶೋರ್ ಎ ಅಂತ ಗಟ್ಟಿತನದ ಅಳತೆ ಇರುತ್ತದೆ, ಅಂಕಿ ಹೆಚ್ಚಾದಷ್ಟೂ ಗಟ್ಟಿ. 95ಎ ನನಗೆ ಬೇಡ ಅನ್ನಿಸಿತು, 80ಎ ತೆಗೆದುಕೊಂಡೆ. ಮುಂದಿನದು, ಹಿಂದಿನದು ಎಲ್ಲಾ ಒಂದೇ ಗಟ್ಟಿ. ಒಂದು ಕಡೆ ಲೋಹ, ಇನ್ನೊಂದು ಕಡೆ ಮೆತ್ತನೆ ರಬ್ಬರು ಅಂತ ಬೆರೆಸಿದರೆ ಭಾರವೆಲ್ಲ ಲೋಹದ ಕಡೆಗೇ ಹೋಗಿ ಅಲ್ಲಿನ ಬೋಲ್ಟು, ಬ್ರಾಕೆಟ್ ತಿನ್ನುತ್ತದೆ.

ಇದಕ್ಕಿಂತ ದೊಡ್ಡ ನಿರ್ಧಾರ, ಡಿಫರೆನ್ಷಿಯಲ್ ಕೂತಿರುವ ಹಿಂದಿನ ಲೋಹದ ಚೌಕಟ್ಟಿನ, ಅಂದರೆ ಸಬ್‌ಫ್ರೇಮ್ ಬುಶ್‌ಗಳನ್ನು ರಬ್ಬರಿನದೇ ಬಿಟ್ಟಿದ್ದು. ಸದ್ದು ಕಾರಿನ ಬಾಡಿಯೊಳಗೆ ಬರಬೇಕಾದರೆ ಎರಡು ಬಾಗಿಲು ದಾಟಬೇಕು, ಒಂದು ಡಿಫರೆನ್ಷಿಯಲ್ ಬುಶ್, ಇನ್ನೊಂದು ಸಬ್‌ಫ್ರೇಮ್ ಬುಶ್. ಒಂದನ್ನು ಅರ್ಧ ತೆರೆದರೆ ಪರವಾಗಿಲ್ಲ, ಎರಡನ್ನೂ ತೆರೆದರೆ ಹಿಂದಿನ ಸೀಟಿನಲ್ಲಿ ಮಾತಾಡಲು ಆಗುವುದಿಲ್ಲ. ‘ಫುಲ್ ಕಿಟ್’ ಅಂತ ಎಲ್ಲಾ ಒಟ್ಟಿಗೆ ಮಾರುತ್ತಾರೆ, ಒಟ್ಟಿಗೆ ಕೊಂಡರೆ ಅಗ್ಗ ಅಂತ ಸುಮ್ನೆ ತೆಗೆದುಕೊಳ್ಳಬೇಡಿ ಅಂತ ಕಳಕಳಿಯಿಂದ ಹೇಳುತ್ತೇನೆ. ಅಷ್ಟು ಖರ್ಚೇ ಬೇಡ ಅನ್ನುವವರಿಗೆ, ರಬ್ಬರು ಇನ್ನೂ ಹರಿದಿಲ್ಲದಿದ್ದರೆ, ಅದರ ಟೊಳ್ಳಿನಲ್ಲಿ ಕೂರುವ ಪಾಲಿ ಇನ್ಸರ್ಟ್ ಸಿಗುತ್ತದೆ, ಬುಶ್ ಕಳಚದೇ ಹಾಕಬಹುದು.

ಹಳೆ ಬುಶ್ ತೆಗೆಯಲು ಗ್ಯಾಸ್ ಹಚ್ಚಿ ಸುಡಲು ಬಿಡಲಿಲ್ಲ. ಹೊಗೆ ಕೆಟ್ಟದ್ದು, ಪಕ್ಕದ ಪೇಂಟೂ ಹಾಳು. ಹೊರಗಿನ ಸ್ಲೀವನ್ನು ಒಳಗಡೆಯಿಂದ ಹ್ಯಾಕ್ಸಾದಿಂದ ಸೀಳಿ ಪ್ರೆಸ್‌ನಲ್ಲಿ ಒತ್ತಿದರೆ ಬರುತ್ತದೆ. ರಬ್ಬರಿನದೇ ಹಾಕುವವರು ಟೊಳ್ಳು ಯಾವ ಕಡೆ ಮುಖ ಮಾಡಿತ್ತು ಅಂತ ಮೊದಲೇ ಗುರುತು ಹಾಕಿಕೊಳ್ಳಬೇಕು, ತಿರುವುಮುರುವಾದರೆ ಬುಶ್ಶಿನ ಬಿಗಿಯೇ ಬದಲಾಗುತ್ತದೆ. ಪಾಲಿಗೆ ಸಿಲಿಕಾನ್ ಗ್ರೀಸ್ ಹಚ್ಚಿದೆವು, ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲೇ ಬಿಗಿದೆವು.

ಈಗ ಟಕ್ ಪೂರ್ತಿ ಹೋಗಿದೆ. ಕಾಲು ಒತ್ತಿದ ಕ್ಷಣವೇ ಹಿಂದಿನ ಚಕ್ರ ಎಳೆಯುತ್ತದೆ, ನಡುವೆ ಆ ಸಡಿಲ ಇಲ್ಲ, ಜೇವರ್ಗಿ ರಸ್ತೆಯಲ್ಲಿ ಲಾರಿ ಹಿಂದಿಕ್ಕುವಾಗ ಇದರ ಸುಖ ಗೊತ್ತಾಗುತ್ತದೆ. ಕೂಗು 80ರಿಂದ 100 ಕಿ.ಮೀ. ಸ್ಪೀಡಿನ ನಡುವೆ, ಹಗುರವಾಗಿ ಕಾಲಿಟ್ಟಾಗ ಸ್ವಲ್ಪ ಕೇಳುತ್ತದೆ. ಹಿಂದಿನ ಸೀಟಿನ ಕೆಳಗೆ ಬ್ಯೂಟೈಲ್ ಶೀಟ್, ಅದರ ಮೇಲೆ ದಪ್ಪ ಫೋಮ್ ಹಾಕಿದ ಮೇಲೆ ಇನ್ನಷ್ಟು ಇಳಿಯಿತು. ಬ್ಯೂಟೈಲ್ ತಗಡಿನ ನಡುಕ ತಡೆಯುತ್ತದೆ ಅಷ್ಟೇ, ಗಾಳಿಯಲ್ಲಿ ಬರುವ ಕೂಗಿಗೆ ಫೋಮ್ ಬೇಕು. ಬೇಸಿಗೆಯಲ್ಲಿ ನಮ್ಮ 40 ಡಿಗ್ರಿ ದಾಟಿದ ಬಿಸಿಲಿಗೆ ಕಾರನ್ನು ನೆರಳಲ್ಲಿ ನಿಲ್ಲಿಸಿದರೂ ರಸ್ತೆಯ ಕಾವು ತಪ್ಪುವುದಿಲ್ಲ, ಹಾಗಾಗಿ ಮಳೆಗಾಲಕ್ಕೆ ಮುಂಚೆ ಒಮ್ಮೆ ಕಾರು ಎತ್ತಿಸಿ ಸೀಲ್ ಮತ್ತೆ ಜಿನುಗುತ್ತಿದೆಯಾ, ಬೋಲ್ಟಿನ ಮೇಲೆ ಹಾಕಿದ ಗುರುತು ಸರಿದಿದೆಯಾ ಅಂತ ನೋಡಿಸುತ್ತೇನೆ.