ಕೈ ಹಿಂದೆ ಕಟ್ಟಿಕೊಂಡು ಕಲಿಸಿದ ಅಡುಗೆ

ಹಬ್ಬದ ರಜೆಗೆ ಮುಂಚಿನ ಕೊನೆಯ ದಿನ ನನ್ನ ತರಗತಿಯಲ್ಲಿ ಎಲ್ಲರೂ ಸೇರಿ ಅಡುಗೆ ಮಾಡಿ ಉಣ್ಣುತ್ತೇವೆ. ನನ್ನದು ವಿಶೇಷ ಶಿಕ್ಷಣದ ತರಗತಿ. ಎಂಟು ಮಕ್ಕಳು, 12ರಿಂದ 16 ವರ್ಷದವರು. ಐವರಿಗೆ ಬೌದ್ಧಿಕ ಅಸಾಮರ್ಥ್ಯ, ಇಬ್ಬರು ಹುಡುಗರಿಗೆ ಆಟಿಸಂ. ಒಬ್ಬಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರುವುದಿಲ್ಲ, ಗಾಲಿಕುರ್ಚಿಯಲ್ಲಿ ಬರುತ್ತಾಳೆ.

ಮೊದಲ ವರ್ಷದ ಊಟ ನೋಡಲು ಬಹಳ ಚೆನ್ನಾಗಿತ್ತು. ಫೋಟೊಗಳಲ್ಲಿ ಎಲ್ಲರ ಮುಖದಲ್ಲೂ ನಗು. ಅಂದು ಸಂಜೆ ಒಂದು ಹಾಳೆ ತೆಗೆದುಕೊಂಡು ಯಾವ ಕೆಲಸ ಯಾರು ಮಾಡಿದರು ಎಂದು ಬರೆಯುತ್ತ ಹೋದೆ. ಸಿಪ್ಪೆ ತೆಗೆದವಳು ನಾನು. ಹೆಚ್ಚಿದವರು ಸಹಾಯಕಿ. ಬೇಯಿಸಿದ್ದು, ಬಡಿಸಿದ್ದು, ತೊಳೆದದ್ದು ಎಲ್ಲವೂ ನಾವಿಬ್ಬರೇ. ಮಕ್ಕಳ ಹೆಸರಿನ ಮುಂದೆ ಬರೆಯಲು ಉಳಿದದ್ದು ‘ಕೂತಿದ್ದರು, ಉಂಡರು’ ಎಂಬುದಷ್ಟೆ. ಅಂದರೆ ಇಡೀ ದಿನ ನಾನು ಅವರಿಗೆ ಕಲಿಸಿದ್ದು ಸುಮ್ಮನೆ ಕಾಯುವುದನ್ನು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಮರುವರ್ಷ ಊಟಕ್ಕೆ ಆರು ವಾರ ಮೊದಲೇ ಶುರು ಮಾಡಿದೆವು. ವಾರಕ್ಕೆ ಮೂರು ದಿನ, ಪ್ರತಿ ಸಲವೂ ಅವೇ ಅಡುಗೆ: ಕ್ಯಾರೆಟ್ ಸೂಪ್, ಬೇಯಿಸಿ ಹಿಸುಕಿದ ಆಲೂಗಡ್ಡೆ, ಸೌತೆಕಾಯಿ ಹೋಳು, ನಿಂಬೆ ಶರಬತ್ತು. ನಮಗೆ ಬೇಸರವಾಗುವಷ್ಟು ಸಲ ಮಾಡಿದೆವು. ವರ್ಷಕ್ಕೊಮ್ಮೆ ಮಾಡಿದ ಕೆಲಸ ಈ ಮಕ್ಕಳ ಕೈಗೆ ಹತ್ತುವುದಿಲ್ಲ.

ಅಡುಗೆಯ ಪಟ್ಟಿಗೆ ಏನೇನು ಸೇರಬೇಕು ಎಂಬುದು ಗಾಲಿಕುರ್ಚಿಯ ಹುಡುಗಿಯಿಂದ ಶುರುವಾಯಿತು. ಅವಳಿಗೆ ನುಂಗುವ ತೊಂದರೆಯಿದೆ. ಆಹಾರ, ಪಾನೀಯಗಳ ಹದವನ್ನು 0ಯಿಂದ 7ರವರೆಗೆ ಗುರುತಿಸುವ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಕ್ರಮವಿದೆ. ಪಾನೀಯಗಳು 0ಯಿಂದ 4, ಆಹಾರ 3ರಿಂದ 7. ಅವಳಿಗೆ ಯಾವ ಹದ ಸರಿ ಎಂದು ಅವಳ ಸ್ಪೀಚ್ ಥೆರಪಿಸ್ಟ್ (ಮಾತಿನ ಜೊತೆ ನುಂಗುವ ತೊಂದರೆಯನ್ನೂ ನೋಡುವವರು) ಬರೆದುಕೊಟ್ಟಿದ್ದರು. ಮೊದಲ ವರ್ಷ ಅವಳಿಗೆ ಬೇರೆ ಡಬ್ಬಿ, ಬೇರೆ ಊಟ. ಈ ಸಲ ಅವಳ ಗಂಟಲಿಗೆ ಇಳಿಯುವುದನ್ನೇ ಎಲ್ಲರ ಊಟ ಮಾಡಿದೆವು. ಸೂಪ್, ಆಲೂಗಡ್ಡೆ ಎಲ್ಲರಿಗೂ ಒಂದೇ, ಅವಳ ಪಾಲನ್ನು ಮಾತ್ರ ಇನ್ನಷ್ಟು ನುಣ್ಣಗೆ ಮಾಡುವುದು. ಶರಬತ್ತಿಗೆ ಥೆರಪಿಸ್ಟ್ ಹೇಳಿದ ಅಳತೆಯಲ್ಲಿ ಗಟ್ಟಿ ಮಾಡುವ ಪುಡಿ. ಸೌತೆಕಾಯಿ ಮಾತ್ರ ಅವಳ ತಟ್ಟೆಗಿಲ್ಲ. ಅಲರ್ಜಿ, ಫಿಟ್ಸ್, ಔಷಧದ ಹೊತ್ತು ಇವನ್ನೆಲ್ಲ ಮನೆಯವರಿಂದ ಮೊದಲ ವಾರವೇ ಬರೆಸಿಕೊಂಡೆ.

ಮಿಕ್ಸರ್ ನಡೆಸುವ ಕೆಲಸವೂ ಅವಳದೇ. ದೊಡ್ಡ ಗುಂಡಿಯ ಸ್ವಿಚ್ಚನ್ನು ಅಡಾಪ್ಟರ್ ಮೂಲಕ ಮಿಕ್ಸರಿಗೆ ಜೋಡಿಸಿದೆವು. ಅವಳ ಮೊಣಕೈ ತಾಗಿದರೆ ಸಾಕು, ಯಂತ್ರ ತಿರುಗುತ್ತದೆ. ಅವಳು ಒತ್ತುವವರೆಗೆ ಇಡೀ ತರಗತಿಗೆ ಸೂಪ್ ಇಲ್ಲ. ಎಲ್ಲರೂ ಅವಳ ಕಡೆ ನೋಡುತ್ತಿದ್ದಾಗ ಅವಳು ಬೇಕೆಂದೇ ತಡ ಮಾಡುತ್ತಿದ್ದಳು ಎಂದು ನನ್ನ ಅನಿಸಿಕೆ, ಅದು ನನಗೆ ತುಂಬಾ ಇಷ್ಟವಾಗುತ್ತಿತ್ತು.

ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯುವುದಕ್ಕೆ ನಮ್ಮಲ್ಲಿ ಟಾಸ್ಕ್ ಅನಾಲಿಸಿಸ್ ಎನ್ನುತ್ತಾರೆ. ಪುಸ್ತಕದಿಂದ ಇಳಿಸಿಕೊಂಡ ಪಟ್ಟಿ ನನಗೆ ಕೆಲಸಕ್ಕೆ ಬರಲಿಲ್ಲ. ಸಿಂಕಿನ ಮುಂದೆ ನಿಂತು ನನ್ನದೇ ಕೈಯನ್ನು ನೋಡುತ್ತ ಬರೆದೆ. ಕೈ ತೊಳೆಯುವುದಕ್ಕೆ 11 ಹೆಜ್ಜೆ ಬಂತು. ಆಲೂಗಡ್ಡೆ ಸಿಪ್ಪೆ ತೆಗೆಯುವುದಕ್ಕೆ 9. ಅದರಲ್ಲೂ ಒಂದನ್ನು ಬಿಟ್ಟಿದ್ದೆ: ಒಂದು ಪಕ್ಕ ಮುಗಿದ ಮೇಲೆ ಗಡ್ಡೆಯನ್ನು ತಿರುಗಿಸಬೇಕು. ಒಬ್ಬ ಹುಡುಗ ಒಂದೇ ಕಡೆ ಹೆರೆಯುತ್ತ ಹೆರೆಯುತ್ತ ಗಡ್ಡೆಯನ್ನು ಅರ್ಧಕ್ಕೆ ಇಳಿಸಿದಾಗ ತಪ್ಪು ನನ್ನ ಪಟ್ಟಿಯಲ್ಲಿದೆ ಎಂದು ಗೊತ್ತಾಯಿತು. ಪ್ರತಿ ಹೆಜ್ಜೆಗೂ ನಮ್ಮದೇ ಪಾತ್ರೆ, ನಮ್ಮದೇ ಸಿಂಕಿನ ಫೋಟೊ ತೆಗೆದು ಒಂದು ಪುಟಕ್ಕೆ ಒಂದರಂತೆ ಅಂಟಿಸಿದೆ. ಹೆಜ್ಜೆ ಮುಗಿದರೆ ಪುಟ ಮಗುಚುವುದು.

ಶರಬತ್ತನ್ನು ಕೊನೆಯಿಂದ ಕಲಿಸಿದೆ. ಮೊದಲ ವಾರ ನಿಂಬೆ ಹಿಂಡಿ, ಸಕ್ಕರೆ ಹಾಕಿ, ಕಲಕಿ ಎಲ್ಲ ನಾವೇ ಮಾಡಿ, ಲೋಟಕ್ಕೆ ಸುರಿಯುವುದನ್ನು ಮಾತ್ರ ಮಕ್ಕಳಿಗೆ ಬಿಟ್ಟೆವು. ಎರಡನೇ ವಾರ ಕಲಕಿ ಸುರಿಯುವುದು. ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗುವುದು. ಇದು ಬ್ಯಾಕ್‌ವರ್ಡ್ ಚೈನಿಂಗ್. ಮಗು ಮೊದಲ ದಿನದಿಂದಲೇ ಕೆಲಸ ಮುಗಿಸಿದವನಾಗುತ್ತಾನೆ, ಕೈಯಲ್ಲಿ ತುಂಬಿದ ಲೋಟ ಇರುತ್ತದೆ. ಅರ್ಧಕ್ಕೇ ಎದ್ದು ಹೋಗುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ನನಗೆ ನಿಜವಾಗಿ ಕಷ್ಟವಾದದ್ದು ಸುಮ್ಮನಿರುವುದು. ಮಗು ತಡವರಿಸಿದ ಕೂಡಲೇ ನಮ್ಮ ಬಾಯಿ ‘ಸೋಪು ತಗೋ, ಈಗ ಉಜ್ಜು’ ಎನ್ನುತ್ತದೆ. ಹೀಗೆ ಹೇಳಿ ಹೇಳಿ ಮಾಡಿಸಿದ ಮಗು ಮುಂದೆ ಹೇಳಿಸಿಕೊಳ್ಳದೆ ಕೈ ಆಡಿಸುವುದಿಲ್ಲ. ಬಾಯಿಮಾತಿನ ಸಹಾಯವನ್ನು ವಾಪಸು ತೆಗೆಯುವಷ್ಟು ಕಷ್ಟ ಇನ್ನೊಂದಿಲ್ಲ. ಅದಕ್ಕೆ ಸಹಾಯಕಿಯೂ ನಾನೂ ಒಪ್ಪಂದ ಮಾಡಿಕೊಂಡೆವು. ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದು, ಮನಸ್ಸಿನಲ್ಲಿ ಐದರವರೆಗೆ ಎಣಿಸುವುದು. ಆಮೇಲೆ ಫೋಟೊದ ಕಡೆ ಬೆರಳು. ಆಗಲೂ ಆಗದಿದ್ದರೆ ಮಾಡಿ ತೋರಿಸುವುದು. ಕೊನೆಗಷ್ಟೇ ಕೈ ಹಿಡಿಯುವುದು, ಅದೂ ಮಗುವಿನ ಕೈಯ ಕೆಳಗೆ ನಮ್ಮ ಕೈ ಇಟ್ಟು, ಬೇಡವೆನಿಸಿದರೆ ಅವರು ಎಳೆದುಕೊಳ್ಳುವಂತೆ.

ಮಾತಾಡದ ಒಬ್ಬ ಹುಡುಗನ ವಿಷಯದಲ್ಲಿ ಈ ಐದು ಎಣಿಕೆಯೂ ಸಾಲಲಿಲ್ಲ. ಒಂದು ದಿನ ಸಹಾಯಕಿ ಬೇರೆ ಕಡೆ ಇದ್ದರು, ನಾನು ಇನ್ನೊಬ್ಬರ ಹತ್ತಿರ ಸಿಕ್ಕಿಕೊಂಡಿದ್ದೆ. ಅವನು ನಲ್ಲಿ ಮುಂದೆ ಕಲ್ಲಿನಂತೆ ನಿಂತಿದ್ದ. ಹನ್ನೆರಡು ಸೆಕೆಂಡ್ ಆಗಿರಬೇಕು, ತಾನೇ ನಲ್ಲಿ ತಿರುಗಿಸಿದ. ಎರಡು ವರ್ಷ ನಾನು ಅವನಿಗಿಂತ ಮೊದಲೇ ಕೈ ಹಾಕುತ್ತ ಬಂದಿದ್ದೆ. ಅಂದಿನಿಂದ ಅವನಿಗೆ ಹದಿನೈದರ ಎಣಿಕೆ.

ಚಾಕುವಿನ ವಿಚಾರದಲ್ಲಿ ನಿಧಾನವಾಗಿ ಹೋದೆ. ಮೊದಲು ನೈಲಾನ್ ಚಾಕು. ಮಣೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ. ಆರು ವಾರದಲ್ಲಿ ಲೋಹದ ಚಾಕುವಿಗೆ ಬಂದವರು ಇಬ್ಬರು, ಉಳಿದವರಿಗೆ ಅವಸರವಿಲ್ಲ. ಒಲೆ ಹಚ್ಚುವುದು ನಮ್ಮ ಕೈಯಲ್ಲೇ ಉಳಿಯಿತು, ಆರಿಸುವುದನ್ನು ಮಾತ್ರ ಎಲ್ಲರಿಗೂ ಕಲಿಸಿದೆ.

ಬಿಳಿ ಬಣ್ಣದ್ದನ್ನಷ್ಟೇ ತಿನ್ನುವ ಹುಡುಗ ಒಬ್ಬನಿದ್ದಾನೆ. ಅವನಿಗೆ ಕ್ಯಾರೆಟ್ ತಿನ್ನು ಎಂದು ಯಾರೂ ಹೇಳಲಿಲ್ಲ. ಇಕ್ಕಳದಿಂದ ಕ್ಯಾರೆಟ್ ಎತ್ತಿ ಪಾತ್ರೆಗೆ ಹಾಕುವುದು ಅವನ ಪಾಲು. ಮಿಕ್ಸರ್ ಶಬ್ದಕ್ಕೆ ಕಿವಿ ಮುಚ್ಚುವವನಿಗೆ ಹೆಡ್‌ಫೋನ್, ಜೊತೆಗೆ ಶಬ್ದ ಬರುವ ಮುಂಚೆ ತೋರಿಸುವ ಒಂದು ಚಿತ್ರ. ‘ಬೇಕಾ?’ ಎಂದು ಕೇಳಿ ಉತ್ತರಕ್ಕೆ ಕಾದು ಬಡಿಸುವುದು, ‘ಸಾಕು’ ಎನ್ನುವುದು ಎರಡನ್ನೂ ಅಭ್ಯಾಸ ಮಾಡಿಸಿದೆ. ಮಾತಿಲ್ಲದವರಿಗೆ ಕಾರ್ಡ್. ‘ಸಾಕು’ ಎಂದ ಮೇಲೆ ಒಂದು ಚಮಚವೂ ಹಾಕಬಾರದು ಎಂಬುದು ದೊಡ್ಡವರಿಗೂ ಇದ್ದ ನಿಯಮ. ತಮ್ಮ ಮಾತು ನಡೆಯುತ್ತದೆ ಎಂದು ಈ ಮಕ್ಕಳಿಗೆ ಗೊತ್ತಾಗುವ ಸಂದರ್ಭಗಳು ತೀರಾ ಕಡಿಮೆ.

ಊಟದ ದಿನ ಏನನ್ನೂ ಬದಲಿಸಲಿಲ್ಲ. ಅಲಂಕಾರ ಇಲ್ಲ, ಹಾಡು ಇಲ್ಲ. ಮನೆಯಿಂದ ಒಬ್ಬೊಬ್ಬರು ಅತಿಥಿ. ಅವರನ್ನು ಮೊದಲೇ ಕೂರಿಸಿ, ದಯವಿಟ್ಟು ಯಾರೂ ಸಹಾಯ ಮಾಡಬೇಡಿ ಎಂದು ಕೇಳಿಕೊಂಡೆ. ಮಾತಾಡದ ಆ ಹುಡುಗ ಸೂಪ್ ಬಡಿಸುತ್ತಿದ್ದಾಗ ಸೌಟು ವಾಲಿ ಮೇಜಿನ ಮೇಲೆ ಚೆಲ್ಲಿತು. ಅವನ ಅಮ್ಮನ ಕೈ ತಕ್ಷಣ ಮುಂದೆ ಬಂತು. ನನ್ನ ಕಡೆ ನೋಡಿದರು, ಇನ್ನೊಂದು ಕೈಯಿಂದ ಆ ಕೈಯನ್ನು ಹಿಡಿದುಕೊಂಡರು. ಅವನು ಪಾತ್ರೆ ಕೆಳಗಿಟ್ಟ. ನಿಂತ. ನಾನು ಎಣಿಸುತ್ತಿದ್ದೆ. ಹನ್ನೊಂದಕ್ಕೆ ಹೊರಟ. ಕೊಕ್ಕೆಯಿಂದ ಬಟ್ಟೆ ತಂದು ಒರೆಸಿದ, ಹಿಂಡಿದ, ಮತ್ತೆ ಅಲ್ಲೇ ನೇತು ಹಾಕಿ ಬಂದು ಸೌಟು ಎತ್ತಿಕೊಂಡ.

ತೊಳೆದು ಒರೆಸಿಡುವುದಕ್ಕೆ ಉಣ್ಣುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಇಂಥ ಊಟ ಇಟ್ಟುಕೊಳ್ಳುವವರು ಅರ್ಧ ಸಮಯವನ್ನು ಅದಕ್ಕೇ ಬಿಡಿ, ಇಲ್ಲದಿದ್ದರೆ ಕೊನೆಗೆ ನೀವೇ ತೊಳೆಯುತ್ತೀರಿ.

ರಜೆ ಮುಗಿದ ಮೇಲೆ ಅದೇ ಅಮ್ಮ ಬಂದು ಹೇಳಿದರು: ‘ಮನೆಯಲ್ಲಿ ಆಲೂಗಡ್ಡೆ ಕೊಟ್ಟೆ ಟೀಚರ್, ಪೀಲರ್ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟ.’ ಕೇಳಿದರೆ, ಅವರ ಮನೆಯ ಪೀಲರಿನ ಅಲಗು ಉದ್ದಕ್ಕಿದೆ, ನಮ್ಮದು ಅಡ್ಡಕ್ಕೆ. 1977ರಲ್ಲಿ ವರ್ತನೆಯ ಸಂಶೋಧಕರಾದ ಟ್ರೆವರ್ ಸ್ಟೋಕ್ಸ್ ಮತ್ತು ಡೊನಾಲ್ಡ್ ಬೇರ್ ಬರೆದ ಲೇಖನವೊಂದರಲ್ಲಿ, ಒಂದು ಕಡೆ ಕಲಿಸಿ ಬೇರೆ ಕಡೆಯೂ ಬಂದೀತೆಂದು ಆಶಿಸಿ ಕೂರುವುದಕ್ಕೆ ‘ಟ್ರೇನ್ ಅಂಡ್ ಹೋಪ್’ (ಕಲಿಸಿ ಆಶಿಸು) ಎಂದೇ ಹೆಸರಿಟ್ಟಿದ್ದಾರೆ. ನಾನು ಮಾಡಿದ್ದು ಅದನ್ನೇ. ಈಗ ಎಂಟೂ ಮನೆಗಳಿಂದ ಪೀಲರ್, ನಲ್ಲಿ, ಒಲೆಯ ಗುಂಡಿಯ ಫೋಟೊ ತರಿಸಿಕೊಂಡಿದ್ದೇನೆ. ತರಗತಿಯ ಡಬ್ಬದಲ್ಲಿ ಮೂರು ಬಗೆಯ ಪೀಲರ್ ಇವೆ. ಪ್ರತಿ ಸಲ ಯಾವುದು ಕೈಗೆ ಬರುತ್ತದೋ ಅದರಲ್ಲೇ ಆಲೂಗಡ್ಡೆ.